ಪಕ್ಕದ ಸೀಟು

ಆ ಮನೆಗೆ ಬೆಳಗು ಬಿಸಿಲಾಗಿ ಬರುವ ಮೊದಲು ಹಬೆಯಾಗಿ ಬರುತ್ತಿತ್ತು. ಹಿತ್ತಲಿನ ಶೆಡ್ಡಿನಲ್ಲಿ ಬಾಯ್ಲರ್ ಕಾದ ಕೂಡಲೇ ಒದ್ದೆ ಬಟ್ಟೆಯ ಬೆಚ್ಚನೆ ವಾಸನೆ ಅಡುಗೆಮನೆಯ ಕಿಟಕಿಯಿಂದ ಒಳಗೆ ತೇಲಿಬಂದು, ಇನ್ನೂ ಮಲಗಿರುವವರ ಮುಖದ ಮೇಲೆ ಕೂರುತ್ತಿತ್ತು. ಎರಡು ಲಾಡ್ಜು, ಒಂದು ನರ್ಸಿಂಗ್ ಹೋಮು, ಒಂದು ಹಾಸ್ಟೆಲ್ಲು. ಇಷ್ಟು ಕಡೆಯ ಬೆಡ್‌ಶೀಟು, ದಿಂಬಿನ ಕವರು, ಟವೆಲ್ಲುಗಳು ಅಲ್ಲಿ ಒಗೆದು, ಒಣಗಿ, ಇಸ್ತ್ರಿಯಾಗಿ, ಬೆಳಿಗ್ಗೆ ಆರಕ್ಕೆ ಗಂಟುಗಂಟಾಗಿ ವ್ಯಾನು ಹತ್ತುತ್ತಿದ್ದವು.

ಮನೆಯ ಯಜಮಾನನನ್ನು ಬೀದಿಯವರು ಡ್ರೈವರಣ್ಣ ಎಂದೇ ಕರೆಯುತ್ತಿದ್ದರು. ಲಾಂಡ್ರಿ ಅಪ್ಪನ ಕಾಲದ್ದು. ವ್ಯಾನು ಮಾತ್ರ ಆತ ತಾನಾಗಿ ಕೊಂಡದ್ದು. ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ಅದರ ಸ್ಟೇರಿಂಗ್ ಇನ್ನೊಬ್ಬರ ಕೈಗೆ ಕೊಟ್ಟವನಲ್ಲ. ಎರಡು ವರ್ಷದಿಂದ ಈಚೆಗೆ ಹೆಂಡತಿಯೂ ಪಕ್ಕದ ಸೀಟಿನಲ್ಲಿ ಕೂತು ಹೋಗುತ್ತಿದ್ದಳು. ಲಾಡ್ಜಿನವರು ಎಣಿಕೆಯಲ್ಲಿ ಮೋಸ ಮಾಡುತ್ತಾರೆ, ನಾನೇ ನಿಂತು ಎಣಿಸುತ್ತೇನೆ ಎಂದು ಆಕೆ ಮನೆಯಲ್ಲಿ ಹೇಳಿದ್ದಳು. ಅತ್ತೆಗೆ ಅದು ಒಪ್ಪಿಗೆಯಾಗಿರಲಿಲ್ಲ.

"ಮನೇಲಿ ಇವಳ ಬಾಯಿಂದ ಒಂದು ಮಾತು ಹೊರಡಿಸಬೇಕಾದ್ರೆ ಕೊಡಲಿ ತರಬೇಕು," ಎಂದು ಆ ಮುದುಕಿ ಮೊಮ್ಮಗಳ ಹತ್ತಿರ ಹೇಳುತ್ತಿದ್ದಳು. "ವ್ಯಾನಲ್ಲಿ ನೋಡಿದೋರು ಹೇಳ್ತಾರೆ, ತುಟಿ ನಿಲ್ಲೋದೇ ಇಲ್ವಂತೆ. ಮದುವೆಯಾದ ಹೊಸದರಲ್ಲಿ ಆಡಬೇಕಿದ್ದ ಮಾತೆಲ್ಲ ಈಗ ಆಡ್ತಿದಾಳೆ ಅಂತ ಕಾಣುತ್ತೆ."

ಮೊಮ್ಮಗಳು ನಗುತ್ತಿದ್ದಳು. ಅವಳಿಗೂ ನಿಜ ಗೊತ್ತಿರಲಿಲ್ಲ.

ನಿಜ ಇಷ್ಟು. ಎರಡು ವರ್ಷದ ಹಿಂದೆ ಡ್ರೈವರಣ್ಣನ ಲೈಸೆನ್ಸ್ ಅವಧಿ ಮುಗಿಯುವುದರಲ್ಲಿತ್ತು. ಹೊಸದು ಮಾಡಿಸಲು ಕಣ್ಣಿನ ಡಾಕ್ಟರ ಸಹಿ ಬೇಕಿತ್ತು. ಗಂಡ ಹೆಂಡತಿ ಇಬ್ಬರೂ ಹೋದರು. ಡಾಕ್ಟರು ಆತನನ್ನು ನೇರ ನೋಡಲು ಹೇಳಿ, ಕಿವಿಯ ಪಕ್ಕದಿಂದ ತಮ್ಮ ಬೆರಳನ್ನು ನಿಧಾನವಾಗಿ ಮುಂದಕ್ಕೆ ತರುತ್ತ, ಕಂಡಾಗ ಹೇಳಿ ಎಂದರು. ಮೂಲೆಯ ಕುರ್ಚಿಯಲ್ಲಿ ಕೂತ ಹೆಂಡತಿ ಆ ಬೆರಳನ್ನೇ ನೋಡುತ್ತಿದ್ದಳು. ಅದು ಕಿವಿ ದಾಟಿತು, ಕೆನ್ನೆ ದಾಟಿತು, ಇನ್ನೇನು ಮೂಗಿನ ಹತ್ತಿರ ಬಂತು ಎನ್ನುವಾಗ ಆತ "ಈಗ" ಎಂದ. ಇನ್ನೊಂದು ಕಡೆಯೂ ಹಾಗೇ ಆಯಿತು. ಕಣ್ಣಿನ ನರ ಒಣಗುತ್ತಿದೆ, ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಲು ಈ ಹನಿ ಹಾಕಿಕೊಳ್ಳಿ, ಗಾಡಿ ಓಡಿಸುವುದು ಇವತ್ತಿಗೇ ಸಾಕು ಎಂದು ಡಾಕ್ಟರು ಹೇಳಿದರು. ಸಹಿ ಹಾಕಲಿಲ್ಲ.

ಮನೆಗೆ ಬಂದಾಗ ತಾಯಿ ಬಾಗಿಲಲ್ಲೇ ಕೇಳಿದಳು, ಆಯ್ತೇನೋ ಎಂದು. ಆತ "ಆಯ್ತು" ಅಂದ. ಹೆಂಡತಿ ಬಗ್ಗಿ ಚಪ್ಪಲಿ ಬಿಡುತ್ತಿದ್ದಳು. ಆ ಒಂದು ಮಾತನ್ನು ತಿದ್ದಲು ಅಷ್ಟು ಹೊತ್ತು ಸಾಕಾಗಿತ್ತು, ಆಕೆ ತಿದ್ದಲಿಲ್ಲ. ಮರುದಿನ ಬೆಳಿಗ್ಗೆ ಆರಕ್ಕೆ ಬಂದು ಪಕ್ಕದ ಸೀಟಿನಲ್ಲಿ ಕೂತಳು.

ಅಂದಿನಿಂದ ದಾರಿ ಆಕೆಯ ಬಾಯಲ್ಲಿತ್ತು. ಆತನಿಗೆ ಎದುರಿನದು ಕಾಣುತ್ತಿತ್ತು, ಬದಿಯದು ಆಕೆ ಹೇಳಬೇಕು. ಎಡಕ್ಕೆ ಹಾಲಿನ ಗಾಡಿ, ಬಿಡಿ. ಬಲಕ್ಕೆ ನಾಯಿ, ನಿಂತಿದೆ. ನಿಧಾನ, ಅಜ್ಜ ಒಬ್ಬರು ಇಳಿದರು. ಆಯ್ತು, ದಾಟಿದರು. ದನಿ ಏರಿಸದೆ, ಇಳಿಸದೆ, ಮಗುವನ್ನು ಮಲಗಿಸುವವಳ ಹಾಗೆ ಹೇಳುತ್ತ ಹೋಗುತ್ತಿದ್ದಳು. ಮಂಜಿನಿಂದ ಒಂದು ಮರ, ಒಂದು ಗೋಡೆ, ಒಂದು ಮುಖ ಆಗ ತಾನೇ ಹುಟ್ಟಿದಂತೆ ಆತನ ಎದುರಿಗೆ ಬಂದು ನಿಂತು, ಹಾಗೇ ಇಲ್ಲವಾಗುತ್ತಿದ್ದವು. ಹಿಂದೆ ಇಸ್ತ್ರಿಯ ಬಿಸಿ ಆರದ ಬಟ್ಟೆಗಳಿದ್ದವು. ಎರಡು ವರ್ಷ ಒಂದು ಗೀರೂ ಬೀಳದೆ ವ್ಯಾನು ಹೋಗಿ ಬಂತು. ಇಬ್ಬರಿಗೂ ಅದು ತಪ್ಪೆನ್ನುವುದು ಮರೆಯುತ್ತ ಬಂತು.

ಒಂದು ಬೆಳಿಗ್ಗೆ ಟೀ ಕುಡಿಯುವಾಗ ಆಕೆ, ಇನ್ನು ಸಾಕು, ಒಬ್ಬ ಡ್ರೈವರನ್ನು ಇಟ್ಟುಕೊಳ್ಳೋಣ ಎಂದಳು. ಹಿಂದಿನ ದಿನ ಶಾಲೆಯ ಮಕ್ಕಳ ಸಾಲೊಂದು ವ್ಯಾನಿಗೆ ತಗಲುವಷ್ಟು ಹತ್ತಿರದಲ್ಲಿ ಹಾದುಹೋಗಿತ್ತು; ಆಕೆಗೆ ನಿದ್ದೆ ಬಂದಿರಲಿಲ್ಲ. ಆತನಿಗೆ ರೇಗಿತು.

"ನನಗೆ ದಾರಿ ಗೊತ್ತಿಲ್ಲ ಅಂದ್ಕೊಂಡಿದೀಯ? ನೀನು ಬಾಯಿ ಮುಚ್ಕೊಂಡು ಕೂತ್ರೂ ಗಾಡಿ ಹೋಗುತ್ತೆ."

ಆಕೆ ಲೋಟ ತೊಳೆದಿಟ್ಟು, ವ್ಯಾನು ಹತ್ತಿ, ಬಾಯಿ ಮುಚ್ಚಿಕೊಂಡು ಕೂತಳು.

ಮೊದಲ ತಿರುವು ಸುಮ್ಮನೆ ದಾಟಿತು. ಎರಡನೆಯದೂ ದಾಟಿತು. ಮೂರನೆಯದರಲ್ಲಿ ಆತ ಒಮ್ಮೆ ಕತ್ತು ತಿರುಗಿಸಿ ಆಕೆಯ ಕಡೆ ನೋಡಿದ. ನಾಲ್ಕನೆಯ ತಿರುವಿನಲ್ಲಿ ಬದಿಯ ಓಣಿಯಿಂದ ಒಂದು ಸೈಕಲ್ ಬಂತು. ಆಕೆ ನೋಡಿದಳು. ಗಂಡನಿಗೂ ಕಾಣಿಸಿರಬಹುದು ಎಂದುಕೊಂಡಳು. ಅಷ್ಟು ಅಂದುಕೊಳ್ಳುವುದರಲ್ಲಿ ಆಗಿಹೋಯಿತು.

ಸೈಕಲ್ಲಿನಲ್ಲಿದ್ದವರು ಗಡಿಯಾರ ರಿಪೇರಿಯವರು, ಅರವತ್ತು ದಾಟಿದವರು. ಬಲಗೈ ಮಣಿಕಟ್ಟು ಮುರಿದಿತ್ತು. ಟ್ರಾಫಿಕ್ ಪೊಲೀಸಿನವನು ಬಂದು ಲೈಸೆನ್ಸ್ ಕೇಳಿದ. ಕಾರ್ಡನ್ನು ಎರಡು ಸಲ ಹಿಂದೆ ಮುಂದೆ ತಿರುಗಿಸಿದ.

"ಇದು ಸತ್ತು ಎರಡು ವರ್ಷ ಆಯ್ತಲ್ರೀ."

"ಮರೆತುಹೋಯ್ತು ಸಾರ್," ಅಂದ ಡ್ರೈವರಣ್ಣ.

ಪೊಲೀಸಿನವನು ಹೆಂಡತಿಯ ಕಡೆಯೂ ನೋಡಿದ. ಆಕೆ ರಸ್ತೆಯ ಮೇಲೆ ಬಿದ್ದಿದ್ದ ಸೈಕಲ್ ಗಂಟೆಯನ್ನು ಎತ್ತಿ ಕೈಯಲ್ಲಿ ಹಿಡಿದಿದ್ದಳು. ವ್ಯಾನು ಒಳಗಿದ್ದ ಬಿಳಿ ಗಂಟುಗಳ ಸಮೇತ ಸ್ಟೇಷನ್ನಿನ ಅಂಗಳಕ್ಕೆ ಹೋಯಿತು.

ಆ ಸಂಜೆಯ ಊಟದಲ್ಲಿ ಮಾತೆಲ್ಲ ಮಗಳದೇ. ಅವಳು ಲೈಸೆನ್ಸ್ ಆಫೀಸಿನ ಎದುರು, ಅರ್ಜಿ ತುಂಬಿಕೊಡುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಎದುರು ಬಂದು ಕೂತವರ ತಾರೀಖು, ವಿಳಾಸ, ರಕ್ತದ ಗುಂಪು ಎಲ್ಲ ಅವಳ ಕೈಯಿಂದಲೇ ಹಾದುಹೋಗುತ್ತಿತ್ತು. ನವೀಕರಣದ ಅರ್ಜಿಯ ಯಾವ ಸಾಲಿನಲ್ಲಿ ಜನ ತಪ್ಪುತ್ತಾರೆ ಎನ್ನುವುದು ಅವಳಿಗೆ ಬಾಯಿಪಾಠ.

"ದಿನಕ್ಕೆ ನಲವತ್ತು ಜನರ ಲೈಸೆನ್ಸ್ ನೋಡ್ತೀನಿ. ನಮ್ಮಪ್ಪಂದು ನೋಡ್ಲಿಲ್ಲ ಅಂದ್ರೆ ಅಂಗಡೀಲಿ ನಗ್ತಾರೆ ಅಜ್ಜಿ."

"ನಗಲಿ ಬಿಡು, ಹಲ್ಲಿಗೆ ಗಾಳಿ ಆಡುತ್ತೆ," ಅಂದಳು ಅಜ್ಜಿ. ಆಮೇಲೆ ಮಗನ ಕಡೆ ತಿರುಗಿದಳು. "ಅವತ್ತು ಇಬ್ಬರೂ ಹೋಗಿದ್ರಲ್ಲೋ. ಆಯ್ತು ಅಂದಿದ್ದೆ."

ಕ್ಯೂ ಉದ್ದ ಇತ್ತು, ಆಮೇಲೆ ಮಾಡಿಸೋಣ ಅಂತ ಬಂದುಬಿಟ್ಟೆ, ಆಮೇಲೆ ಮರೆತೆ ಎಂದು ಆತ ತಟ್ಟೆಗೆ ಹೇಳಿದ. ಅಜ್ಜಿ ಸೊಸೆಯ ಮುಖ ನೋಡಿದಳು. ಸೊಸೆ ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯನ್ನು ಬಹಳ ಎಚ್ಚರಿಕೆಯಿಂದ, ಒಂದೇ ಉದ್ದಕ್ಕೆ ಸುಲಿಯುತ್ತಿದ್ದಳು.

ವಕೀಲರು ಮಗಳ ಅಂಗಡಿಗೆ ಗೊತ್ತಿದ್ದವರು. ವಿಷಯ ಮೂರಿದೆ ಎಂದು ಅವರು ವಿವರಿಸಿದರು. ಅವಧಿ ಮುಗಿದ ಲೈಸೆನ್ಸಿನಲ್ಲಿ ಗಾಡಿ ಓಡಿಸಿದ್ದು ಒಂದು. ಅಜಾಗರೂಕತೆಯಿಂದ ಒಬ್ಬರ ಕೈ ಮುರಿದದ್ದು ಇನ್ನೊಂದು. ಇವೆರಡೂ ಒಂದೇ ಕೋರ್ಟಿಗೆ ಬರುತ್ತವೆ. ಗಾಯಗೊಂಡವರ ಪರಿಹಾರದ್ದು ಬೇರೆ ಕೋರ್ಟು, ಅದು ನಿಧಾನ. ಇನ್ಶೂರೆನ್ಸ್ ಕಂಪನಿ ಆಗಲೇ ಪತ್ರ ಬರೆದಿತ್ತು: ಚಾಲಕನಿಗೆ ಚಾಲ್ತಿಯಲ್ಲಿರುವ ಲೈಸೆನ್ಸ್ ಇಲ್ಲದ್ದರಿಂದ ನಮ್ಮ ಜವಾಬ್ದಾರಿ ಇಲ್ಲ. ಅಂದರೆ ಪರಿಹಾರ ಲಾಂಡ್ರಿಯ ತಲೆಯ ಮೇಲೆ.

"ಆದರೆ ಮರೆವು ಅನ್ನೋದು ದೊಡ್ಡ ಅಪರಾಧ ಅಲ್ಲ," ಅಂದರು ವಕೀಲರು. "ಅಷ್ಟರಲ್ಲಿ ರಿನ್ಯೂವಲ್‌ಗೆ ಹಾಕಿ, ಡಾಕ್ಟರ್ ಸರ್ಟಿಫಿಕೇಟ್ ತೋರಿಸಿಬಿಟ್ರೆ ಜಡ್ಜು ಮೃದುವಾಗ್ತಾರೆ. ದಂಡ ಕಟ್ಟಿ, ವ್ಯಾನ್ ತಗೊಂಡು ಮನೆಗೆ ಹೋಗಬಹುದು. ಯಜಮಾನರು ಒಂದೇ ಮಾತು ನೆನಪಿಡಬೇಕು. ಮರೆತೆ."

ಮರೆತದ್ದನ್ನು ನೆನಪಿಡಬೇಕು ನೋಡಿ ಎಂದು ತಾವೇ ನಕ್ಕರು. ಯಾರೂ ಜೊತೆ ಸೇರಲಿಲ್ಲ.

ವಾರಗಳು ಹಬೆಯ ಹಾಗೆ, ಒಂದಕ್ಕೊಂದು ಅಂಟಿಕೊಂಡು ಹೋದವು. ಬಾಡಿಗೆ ಗಾಡಿಯವನು ಬೆಳಿಗ್ಗೆ ಬರುತ್ತಿದ್ದ, ಕೆಲವು ದಿನ ಬರುತ್ತಿರಲಿಲ್ಲ. ಹಾಸ್ಟೆಲ್ಲಿನವರು ಬೇರೆ ಲಾಂಡ್ರಿ ನೋಡಿಕೊಂಡರು. ಡ್ರೈವರಣ್ಣ ಮನೆಯಲ್ಲಿ ಒಂದು ಹೆಚ್ಚಾದ ಕುರ್ಚಿಯ ಹಾಗಿದ್ದ. ಎಲ್ಲಿಟ್ಟರೂ ಯಾರದೋ ಕಾಲಿಗೆ ಸಿಗುತ್ತಿದ್ದ. ದಿನಕ್ಕೆರಡು ಸಲ ಪೈಪು ಹಿಡಿದು, ವ್ಯಾನು ನಿಲ್ಲುತ್ತಿದ್ದ ಜಾಗವನ್ನು ತೊಳೆಯುತ್ತಿದ್ದ. ಒಣಹಾಕಿದ ಬಿಳಿ ಬಟ್ಟೆಗಳ ಸಾಲಿನ ನಡುವೆ ನಡೆದು ಹೋಗುತ್ತಿದ್ದ. ಗಾಳಿಗೆ ಬಟ್ಟೆ ಸರಿದಾಗ ಕಾಣುತ್ತಿದ್ದ, ಮತ್ತೆ ಇರುತ್ತಿರಲಿಲ್ಲ. ಹೆಂಡತಿಗೆ ಬೆಳಿಗ್ಗೆ ಆರಕ್ಕೆ ಗಂಟಲು ತಾನಾಗಿ ಸಿದ್ಧವಾಗುತ್ತಿತ್ತು. ಹೇಳುವುದಕ್ಕೆ ಏನೂ ಇರುತ್ತಿರಲಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ನಿಂತು ಬೀದಿಯಲ್ಲಿ ಹೋಗುವುದನ್ನೆಲ್ಲ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಆಕೆ ಮೊಟ್ಟೆ, ಹಣ್ಣು ಕಟ್ಟಿಕೊಂಡು ಗಡಿಯಾರದವರ ಅಂಗಡಿಗೆ ಒಬ್ಬಳೇ ಹೋದಳು. ಅಂಗಡಿ ಎಂದರೆ ಎರಡು ಮೆಟ್ಟಿಲ ಮೇಲೆ ಒಂದು ಗಾಜಿನ ಪೆಟ್ಟಿಗೆ, ಅದರ ಹಿಂದೆ ಒಂದು ಸ್ಟೂಲು. ಅವರು ಎಡಗೈಯಲ್ಲಿ ಚಿಮುಟ ಹಿಡಿದು, ಅಕ್ಕಿ ಕಾಳಿಗಿಂತ ಚಿಕ್ಕದೊಂದು ಸ್ಕ್ರೂ ಎತ್ತಲು ನೋಡುತ್ತಿದ್ದರು. ಅದು ಎರಡು ಸಲ ಬಿತ್ತು. ಮೂರನೆಯ ಸಲ ಅವರು ಚಿಮುಟ ಕೆಳಗಿಟ್ಟು, ಬನ್ನಿ ತಾಯಿ ಎಂದರು. ಕೈ ಹೇಗಿದೆ ಎಂದು ಆಕೆ ಕೇಳಿದಳು. ಮೂಳೆ ಕೂಡಿದೆ, ಬೆರಳಿಗೆ ಹಳೆಯ ಸೂಕ್ಷ್ಮ ಬರುತ್ತದೋ ಇಲ್ಲವೋ ಡಾಕ್ಟರಿಗೂ ಗೊತ್ತಿಲ್ಲವಂತೆ ಎಂದರು. ಸಿಟ್ಟಿರಲಿಲ್ಲ ದನಿಯಲ್ಲಿ. ಆಕೆಗೆ ಸಿಟ್ಟೇ ವಾಸಿ ಅನ್ನಿಸಿತು.

ಹೊರಡಲು ಎದ್ದಾಗ ಅವರು ಹೇಳಿದರು, "ನಿಮ್ಮ ಯಜಮಾನರು ನನ್ನ ನೋಡಲೇ ಇಲ್ಲ. ನಾನು ಅವರ ಮುಖ ನೋಡ್ತಾ ಇದ್ದೆ. ಅವರ ಕಣ್ಣು ನನ್ನ ಮೇಲೆ ಬೀಳಲಿಲ್ಲ. ನೀವು ನೋಡಿದ್ರಿ, ಅಲ್ವಾ?"

"ನೋಡಿದೆ," ಅಂದಳು ಆಕೆ.

"ಪೊಲೀಸರು ಓಡಿಸಿದವರ ಬಗ್ಗೆ ಮಾತ್ರ ಕೇಳಿದ್ರು. ಪಕ್ಕದಲ್ಲಿ ಕೂತವರ ಬಗ್ಗೆ ಕೇಳಲಿಲ್ಲ. ಕೇಳದೇ ಇದ್ದದ್ದನ್ನ ನಾನು ಹೇಳಲಿಲ್ಲ."

ಗೋಡೆಯ ತುಂಬ ಗಡಿಯಾರಗಳಿದ್ದವು. ಒಂದೊಂದು ಒಂದೊಂದು ಹೊತ್ತು ತೋರಿಸುತ್ತಿತ್ತು. ಆಕೆ ಮೆಟ್ಟಿಲಿಳಿದು ಬಂದಳು. ಯಾವ ಬೀದಿಯಿಂದ ಮನೆಗೆ ಬಂದೆ ಎನ್ನುವುದು ಆಮೇಲೆ ನೆನಪಿರಲಿಲ್ಲ.

ಮನೆಯಲ್ಲಿ ಮಗಳು ಮೇಜಿನ ಮೇಲೆ ಕಾಗದ ಹರಡಿಕೊಂಡಿದ್ದಳು. ಅಂಗಡಿಗೆ ಬರುವ ಏಜೆಂಟೊಬ್ಬ ಸರ್ಟಿಫಿಕೇಟ್ ತಂದುಕೊಟ್ಟಿದ್ದ. ಯಾರೋ ಡಾಕ್ಟರ ಸಹಿ, ಸೀಲು ಎಲ್ಲ ಇತ್ತು. ಅಪ್ಪ ಅಲ್ಲಿಗೆ ಹೋಗುವುದೇ ಬೇಡ, ಎಲ್ಲರೂ ಹೀಗೇ ಮಾಡಿಸುವುದು, ಕ್ಯೂ ತಪ್ಪುತ್ತದೆ ಅಷ್ಟೇ ಎಂದಳು. ಹೇಗೂ ಕಣ್ಣು ಚೆನ್ನಾಗಿದೆಯಲ್ಲ. ತಾಯಿ ಕಾಗದವನ್ನು ತಲೆಕೆಳಗಾಗಿಯೇ ಓದಿದಳು. ಬದಿಯ ದೃಷ್ಟಿ, ಅದರ ಮುಂದೆ: ಸರಿಯಿದೆ. ಕೆಳಗೆ ಅಪ್ಪನ ಸಹಿಗೆ ಜಾಗ. ಡ್ರೈವರಣ್ಣ ಪೆನ್ನು ತೆಗೆದುಕೊಂಡು, ಮಗಳು ಬೆರಳಿಟ್ಟು ತೋರಿಸಿದ ಕಡೆ, ಹೆಂಡತಿಯ ಕಡೆ ನೋಡದೆ ಸಹಿ ಹಾಕಿದ.

ಕೋರ್ಟಿನ ಹಿಂದಿನ ದಿನ ಇಬ್ಬರೂ ಶೆಡ್ಡಿನಲ್ಲಿ ಬೆಡ್‌ಶೀಟ್ ಮಡಚುತ್ತಿದ್ದರು. ಅದು ಇಬ್ಬರ ಕೆಲಸ. ಒಬ್ಬೊಬ್ಬರು ಎರಡೆರಡು ತುದಿ ಹಿಡಿದು, ದೂರ ಸರಿದು ಬಿಗಿಯಾಗಿ ಎಳೆಯಬೇಕು. ಆಮೇಲೆ ನಡೆದು ಬಂದು ತುದಿಗೆ ತುದಿ ಕೂಡಿಸಬೇಕು. ಕೈ ಮುಟ್ಟಿದಾಗ ಒಬ್ಬರು ಬಿಡಬೇಕು, ಇನ್ನೊಬ್ಬರು ಹಿಡಿಯಬೇಕು. ಮದುವೆಯಾದಾಗಿನಿಂದ ಅವರ ಜಗಳಗಳು ನಡೆದದ್ದೆಲ್ಲ ಹೀಗೇ. ದೂರ ಹೋದಾಗ ಒಬ್ಬರ ಮಾತು, ಹತ್ತಿರ ಬಂದಾಗ ಇನ್ನೊಬ್ಬರದು.

"ನಾಳೆ ಆ ಕಾಗದ ಕೊಡಬೇಡಿ."

ಆತ ಬಟ್ಟೆ ಎಳೆದ. "ಕೊಡದೇ ಇದ್ರೆ ವ್ಯಾನ್ ಬರಲ್ಲ."

"ಬಂದ್ರೆ ಏನು ಮಾಡ್ತೀರ?"

"ಓಡಿಸ್ತೀನಿ. ಎರಡು ವರ್ಷ ಓಡಿಸಲಿಲ್ವಾ? ನೀನಿದೀಯಲ್ಲ."

"ನಾನು ಇನ್ನು ಹತ್ತಲ್ಲ."

ಇಬ್ಬರೂ ಹತ್ತಿರ ಬಂದರು. ಆಕೆ ತುದಿ ಕೊಟ್ಟಳು, ಆತ ಹಿಡಿದುಕೊಂಡ.

"ಹಾಗಾದ್ರೆ ಒಬ್ಬನೇ ಹೋಗ್ತೀನಿ," ಅಂದ ಮೆತ್ತಗೆ. ಹಟದ ಮಾತಾಗಿರಲಿಲ್ಲ ಅದು. ನಾಳೆ ಬೆಳಗಾಗುತ್ತದೆ ಅನ್ನುವ ಹಾಗೆ ಅಂದ. ಆಕೆಗೆ ಭಯವಾದದ್ದು ಅದಕ್ಕೇ. ಆಮೇಲೆ ಹದಿನೇಳು ಬೆಡ್‌ಶೀಟ್ ಮಡಚಿದರು.

ಬೆಳಿಗ್ಗೆ ಆಕೆ ತಲೆ ಬಾಚಿಕೊಳ್ಳುವಾಗ ಅತ್ತೆ ಬಂದು ಬಾಗಿಲಿಗೆ ಒರಗಿ ನಿಂತಳು.

"ಅವನು ಟೀ ಲೋಟ ಹುಡುಕೋದನ್ನ ನಾನು ನೋಡಿದೀನಿ ಕಣೇ," ಅಂದಳು. "ಕೈ ಮೊದಲು ಮೇಜಿನ ಮೇಲೆ ಹರಿದಾಡುತ್ತೆ. ನಮ್ಮಪ್ಪನೂ ಹಾಗೇ ಮಾಡ್ತಿದ್ದ, ಕೊನೆಗಾಲದಲ್ಲಿ."

ಸೊಸೆಯ ಬಾಚಣಿಗೆ ನಿಂತಿತು. "ಯಾವಾಗಿಂದ ಗೊತ್ತತ್ತೆ?"

"ನೀನು ವ್ಯಾನ್ ಹತ್ತೋಕೆ ಶುರು ಮಾಡಿದ್ಯಲ್ಲ, ಆವಾಗಿಂದ ಅನುಮಾನ. ನೀನು ಹೇಳ್ತೀಯ ಅಂತ ಕಾಯ್ತಿದ್ದೆ. ಹೆತ್ತೋಳು ನಾನು, ಮಗನಿಗೆ ಕಣ್ಣಿಲ್ಲ ಅಂತ ಬಾಯಲ್ಲಿ ಹೇಗೆ ಅನ್ನಲಿ? ನನಗೆ ಬಾಯಿ ಬರಲ್ಲ."

"ನನಗೆ ಬಾಯಿ ಬರುತ್ತಾ?"

"ನಿನಗೆ ಬರಬೇಕು," ಅಂದಳು ಮುದುಕಿ. ಆಮೇಲೆ ಒಳಗೆ ಹೋಗಿ ನಾಲ್ಕು ಹೋಳು ಬ್ರೆಡ್ಡಿಗೆ ಬೆಣ್ಣೆ ಸವರಿ, ಕಾಗದದಲ್ಲಿ ಸುತ್ತಿ ತಂದುಕೊಟ್ಟಳು. ಕೋರ್ಟಿನಲ್ಲಿ ಹೊತ್ತಾಗುತ್ತದೆ ಎಂದಳು.

ಕೋರ್ಟು ಎಂದರೆ ಎತ್ತರದ ಕಿಟಕಿಗಳಿದ್ದ ಉದ್ದನೆಯ ಕೋಣೆ. ಧೂಳು ಬೆಳಕಿನ ಕೋಲುಗಳಲ್ಲಿ ನಿಧಾನವಾಗಿ ಮೇಲೇರುತ್ತಿತ್ತು. ಲೈಸೆನ್ಸ್ ಇಲ್ಲದವರೇ ಆವತ್ತು ಹನ್ನೊಂದು ಜನ. ಒಬ್ಬೊಬ್ಬರ ಸರದಿ ಎರಡು ಮೂರು ನಿಮಿಷಕ್ಕೆ ಮುಗಿಯುತ್ತಿತ್ತು. ಹೆಸರು, ತಪ್ಪು, ದಂಡ, ಮುಂದೆ. ಜಡ್ಜು ಕನ್ನಡಕ ಹಾಕಿದ ಮಧ್ಯವಯಸ್ಸಿನ ಹೆಂಗಸು. ನೆಗಡಿಯಾಗಿತ್ತು, ನಡುನಡುವೆ ಮೂಗು ಒರೆಸಿಕೊಳ್ಳುತ್ತಿದ್ದರು. ಡ್ರೈವರಣ್ಣನ ಸರದಿ ಬಂದಾಗ ಆತ ಕಟಕಟೆಯಲ್ಲಿ ಎದುರಿಗೆ ನೇರ ನೋಡುತ್ತ ನಿಂತ. ಹೆಂಡತಿ, ಮಗಳು ಹಿಂದಿನ ಬೆಂಚಿನಲ್ಲಿದ್ದರು.

ವಕೀಲರು ಶುರು ಮಾಡಿದರು. ಇಪ್ಪತ್ತಾರು ವರ್ಷದ ಅನುಭವ, ಇದುವರೆಗೆ ಒಂದೂ ದೂರಿಲ್ಲ, ಕೆಲಸದ ಒತ್ತಡದಲ್ಲಿ ನವೀಕರಣ ಮರೆತದ್ದು. ಜಡ್ಜು ಆತನನ್ನು ಕೇಳಿದರು, ಹೌದಾ ಎಂದು. ಆತ ಮರೆತೆ ಎಂದ. ಈಗ ನವೀಕರಣಕ್ಕೆ ಅರ್ಜಿ ಹಾಕಲು ಎಲ್ಲ ತಯಾರಿದೆ, ವೈದ್ಯಕೀಯ ಪ್ರಮಾಣಪತ್ರವನ್ನು ತಮ್ಮ ಮುಂದೆ ಇಡುತ್ತೇನೆ ಎಂದು ವಕೀಲರು ಫೈಲು ಬಿಚ್ಚಿ, ಕಾಗದ ಹೊರಗೆ ತೆಗೆದರು.

ಹಿಂದಿನ ಬೆಂಚಿನಲ್ಲಿ ಹೆಂಡತಿ ಎದ್ದು ನಿಂತಳು. ಮಗಳು ಏನಮ್ಮ ಎಂದು ಸೆರಗು ಹಿಡಿದಳು. ಬಾಗಿಲ ಜವಾನ ಕೂತ್ಕೊಳ್ಳಿ ಎಂದು ಕೈಯಲ್ಲೇ ಹೇಳಿದ. ಆಕೆ ಕೂರಲಿಲ್ಲ.

"ಅವರಿಗೆ ಬದಿ ಕಾಣಲ್ಲ ಅಮ್ಮ," ಅಂದಳು. ವ್ಯಾನಿನಲ್ಲಿ ಆಡುತ್ತಿದ್ದ ಅದೇ ದನಿ, ಏರಲಿಲ್ಲ, ಇಳಿಯಲಿಲ್ಲ. "ಎರಡು ವರ್ಷದಿಂದ ಕಾಣಲ್ಲ. ಡಾಕ್ಟರು ಓಡಿಸಬೇಡಿ ಅಂದಿದ್ರು. ಮರೆತದ್ದಲ್ಲ. ನಾನು ಪಕ್ಕದಲ್ಲಿ ಕೂತು ಹೇಳ್ತಿದ್ದೆ, ಅವರು ಓಡಿಸ್ತಿದ್ರು."

ಜಡ್ಜು ಬರೆಯುವುದನ್ನು ನಿಲ್ಲಿಸಿದರು. ವಕೀಲರ ಕೈಯಲ್ಲಿದ್ದ ಕಾಗದ, ಯಾರೂ ನೋಡದ ಹಾಗೆ, ಮೆಲ್ಲಗೆ ಫೈಲಿನೊಳಗೆ ಬೇರೆ ಕಾಗದಗಳ ಕೆಳಗೆ ಸೇರಿಕೊಂಡಿತು. ಮಗಳು ಸೆರಗು ಬಿಟ್ಟಳು.

"ನಿಮ್ಮ ಹೆಂಡತಿ ಹೇಳ್ತಿರೋದು ನಿಜವಾ?" ಎಂದು ಜಡ್ಜು ಕೇಳಿದರು.

ಹೊರಗೆ ಯಾರೋ ಸ್ಕೂಟರ್ ಸ್ಟಾರ್ಟ್ ಮಾಡಲು ಒದೆಯುತ್ತಿದ್ದರು, ಅದು ಹತ್ತುತ್ತಿರಲಿಲ್ಲ. ಕಡೆಗೆ ಹತ್ತಿ, ಸದ್ದು ದೂರ ಹೋಯಿತು.

"ನಿಜ," ಅಂದ.

ದಂಡ ವಕೀಲರು ಹೇಳಿದ್ದಕ್ಕಿಂತ ಹೆಚ್ಚಾಯಿತು. ಲೈಸೆನ್ಸ್ ಇನ್ನು ಕೊಡಕೂಡದೆಂದು ಆಫೀಸಿಗೆ ಪತ್ರ ಹೋಗಬೇಕು, ವ್ಯಾನನ್ನು ಲೈಸೆನ್ಸ್ ಇರುವ ಇನ್ನೊಬ್ಬರು ಬಂದರೆ ಮಾತ್ರ ಬಿಡಬೇಕು ಎಂದು ಜಡ್ಜು ಹೇಳಿ ಬರೆಸಿದರು. ಕೊನೆಗೆ, ಕೈ ಮುರಿದದ್ದಕ್ಕೆ, ಕೋರ್ಟು ಏಳುವವರೆಗೆ ಶಿಕ್ಷೆ ಎಂದರು. ಅಂದರೆ ಸಂಜೆ ತಾವು ಎದ್ದು ಹೋಗುವ ತನಕ ಆತ ಇದೇ ಕೋಣೆಯಲ್ಲಿ ಕೂತಿರಬೇಕು, ಹೊರಗೆ ಹೋಗುವಂತಿಲ್ಲ ಎಂದು ವಕೀಲರು ವಿವರಿಸಿದರು. ತಿಂಗಳುಗಟ್ಟಲೆ ಜೈಲಾಗಬಹುದಿತ್ತು, ನಿಮ್ಮ ಪುಣ್ಯ ಎಂದರು. ದನಿಯಲ್ಲಿ ಸಂತೋಷವಿರಲಿಲ್ಲ.

ಹೊರಗಿನ ವರಾಂಡದಲ್ಲಿ ಮಗಳು ಗೋಡೆಗೆ ಮುಖ ಮಾಡಿ ನಿಂತಿದ್ದಳು.

"ಒಂದು ಸಲ ನನಗೆ ಹೇಳಿದ್ರೆ ಏನಾಗ್ತಿತ್ತಮ್ಮ? ಆ ಕಾಗದ ನಾನೇ ತಂದೆ. ನನ್ನ ಕೈಯಿಂದ ತರಿಸಿದ್ರಿ."

ತಾಯಿ ಅವಳ ಹೆಗಲ ಮೇಲೆ ಕೈಯಿಟ್ಟಳು. ಮಗಳು ಕೈ ಸರಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಮೂಗೊರೆಸಿಕೊಂಡು, ಸ್ಟೇಷನ್ನಿಗೆ ಯಾರನ್ನು ಕರೆದುಕೊಂಡು ಹೋಗಬೇಕು, ಅಂಗಡಿಯ ಪಕ್ಕದಲ್ಲಿ ಒಬ್ಬ ಡ್ರೈವರಿದ್ದಾನೆ, ಕೇಳುತ್ತೇನೆ ಎಂದು ಹೇಳಿ ಹೊರಟಳು. ಗೇಟಿನ ತನಕ ಹೋದವಳು ತಿರುಗಿ ಬಂದು, ಅಪ್ಪ ಏನಾದ್ರೂ ತಿಂದ್ರಾ ಎಂದು ಕೇಳಿದಳು. ಮತ್ತೆ ಹೋದಳು.

ಆಕೆ ಒಳಗೆ ಬಂದು ಗಂಡನ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಬ್ರೆಡ್ಡಿನ ಪೊಟ್ಟಣವನ್ನು ಇಬ್ಬರ ನಡುವೆ ಇಟ್ಟಳು. ಆತ ಮುಟ್ಟಲಿಲ್ಲ. ಮಧ್ಯಾಹ್ನ ಮೆಲ್ಲಗೆ ಸಾಗಿತು. ಯಾರ ಯಾರದೋ ಗಡಿಯ ಜಗಳ, ಯಾರದೋ ಕಳುವಾದ ಸೈಕಲ್, ಯಾರದೋ ಬಾಡಿಗೆ ಮನೆ. ಮಾತುಗಳು ನೀರಿನಡಿಯಿಂದ ಬರುವಂತೆ ಬಂದು ಹೋಗುತ್ತಿದ್ದವು. ಬೆಳಕಿನ ಕೋಲುಗಳು ನೆಲದ ಮೇಲೆ ಸರಿದು ಬೆಂಚಿನ ಕಾಲು ಮುಟ್ಟಿ, ಆತನ ಪಾದ ಹತ್ತಿ, ಮೊಣಕಾಲಿನ ಮೇಲೆ ಬಂದು ಕೂತವು. ಮೂರು ಗಂಟೆಯ ಹೊತ್ತಿಗೆ ಆತ ಒಂದು ಹೋಳು ತೆಗೆದುಕೊಂಡು ಅರ್ಧ ಮಾಡಿ, ಒಂದರ್ಧವನ್ನು ಆಕೆಯ ಕಡೆ ತಳ್ಳಿದ.

"ಆವತ್ತು," ಅಂದ ಎದುರಿಗೆ ನೋಡುತ್ತಲೇ, ಬಾಯೊಳಗೇ. "ಸೈಕಲ್ ನೀನು ನೋಡಿದ್ಯಾ?"

"ನೋಡಿದೆ."

"ಹೇಳಲಿಲ್ಲ."

"ಹೇಳಲಿಲ್ಲ. ಬಾಯಿ ಮುಚ್ಕೊಂಡು ಕೂತ್ಕೋ ಅಂದಿದ್ರಿ. ನಾನಿಲ್ದೆ ಹೇಗೆ ಹೋಗ್ತೀರ ನೋಡೋಣ ಅಂತ ಕೂತೆ. ಅವರು ಬಂದಾಗ ಹೇಳಬೇಕಿತ್ತು. ಅರ್ಧ ಉಸಿರು ತಡ ಮಾಡಿದೆ."

ಆತ ಬ್ರೆಡ್ಡನ್ನು ಬಹಳ ಹೊತ್ತು ಅಗಿದ. ಮುಂದೆ ಯಾರೋ ಸಾಕ್ಷಿ ಹೇಳುತ್ತಿದ್ದರು, ಜೋರಾಗಿ ಹೇಳಿ ಎಂದು ಜಡ್ಜು ಗದರಿದರು.

"ಮೂರನೇ ತಿರುವಲ್ಲಿ ನನಗೆ ಗೊತ್ತಾಯ್ತು," ಅಂದ ಆತ. "ಇವಳು ಇವತ್ತು ಹೇಳಲ್ಲ ಅಂತ. ಪಕ್ಕಕ್ಕೆ ನಿಲ್ಲಿಸಿ, ತಪ್ಪಾಯ್ತು ಮಾರಾಯ್ತಿ, ಹೇಳು ಅನ್ನಬಹುದಿತ್ತು. ನಿಲ್ಲಿಸೋಣ ಅಂತ ಕಾಲು ಬ್ರೇಕಿನ ಮೇಲಿಟ್ಟೆ. ಮತ್ತೆ ತೆಗೆದೆ. ಏನೂ ಕಾಣದೇ ತಿರುಗಿಸಿದೆ ಕಣೇ. ಗೊತ್ತಿದ್ದೂ ತಿರುಗಿಸಿದೆ."

ಆಕೆ ಮೊದಲ ಸಲ ಆತನ ಕಡೆ ಪೂರ್ತಿ ತಿರುಗಿ ನೋಡಿದಳು. ಆರು ವಾರ ತಾನೊಬ್ಬಳೇ ಹೊತ್ತುಕೊಂಡು ತಿರುಗಿದ್ದಕ್ಕೆ ಇನ್ನೊಂದು ತುದಿ ಇತ್ತು ಎನ್ನುವುದು ಆಕೆಗೆ ಗೊತ್ತಿರಲಿಲ್ಲ.

"ಗಡಿಯಾರದವರಿಗೆ ನಂದು ಗೊತ್ತು," ಅಂದಳು. "ನಾನು ನೋಡಿದ್ದನ್ನ ಅವರು ನೋಡಿದಾರೆ."

"ನಂದು ಗೊತ್ತಿಲ್ಲ."

"ಇಲ್ಲ."

ಐದು ಗಂಟೆಗೆ ಜಡ್ಜು ಫೈಲು ಮುಚ್ಚಿ ಎದ್ದರು. ಎಲ್ಲರೂ ಎದ್ದರು. ಜವಾನ ಹತ್ತಿರ ಬಂದು, ನಿಮ್ಮದು ಮುಗೀತು, ಇನ್ನು ಹೋಗಬಹುದು ಎಂದ. ಡ್ರೈವರಣ್ಣ ಆತನಿಗೆ ಕೈ ಮುಗಿದ, ಯಾಕೆಂದು ತನಗೂ ತಿಳಿಯದೆ.

ಗೇಟಿನಲ್ಲಿ ಮನೆಯ ಕಡೆ ಹೋಗುವ ಬಸ್ಸು ನಿಂತಿತ್ತು. ಆತ ಹತ್ತಲಿಲ್ಲ. ರಸ್ತೆಯ ಅಂಚು ಹಿಡಿದು ಗಡಿಯಾರದ ಅಂಗಡಿಯಿದ್ದ ಬೀದಿಯ ಕಡೆ ನಡೆದ. ಆಕೆ ಜೊತೆಗೆ ನಡೆದಳು. ಸಂಜೆಯ ಬೆಳಕು ಎಲ್ಲರ ಮುಖವನ್ನೂ ಪರಿಚಿತರ ಮುಖದಂತೆ ಮಾಡಿತ್ತು. ಜನ ಕೆಲಸ ಬಿಟ್ಟು ಬರುತ್ತಿದ್ದರು, ಆತನಿಗೆ ತಗಲುತ್ತಿದ್ದರು, ಆತ ನಿಂತು ದಾರಿ ಬಿಡುತ್ತಿದ್ದ.

ಗಡಿಯಾರದವರು ಅಂಗಡಿ ಮುಚ್ಚುವುದರಲ್ಲಿದ್ದರು. ಎರಡು ಮೆಟ್ಟಿಲ ಕೆಳಗೆ ನಿಂತವನ ಗುರುತು ಹತ್ತಿ, ಬಾಗಿಲ ಮೇಲಿಟ್ಟ ಎಡಗೈಯನ್ನು ತೆಗೆದರು. ಬೈಯಲಿಲ್ಲ, ಬನ್ನಿ ಎನ್ನಲೂ ಇಲ್ಲ. ಡ್ರೈವರಣ್ಣ ಕಾಲಲ್ಲೇ ಮೆಟ್ಟಿಲು ತಡವಿ ಹತ್ತಿ, ಅವರು ತೋರಿಸುವ ಮೊದಲೇ ನೆಲದ ಮೇಲೆ ಕೂತ. ಹೆಂಡತಿಯೂ ಕೂತಳು.

"ಕೋರ್ಟಲ್ಲಿ ಎಲ್ಲ ಮುಗೀತು," ಅಂದ. "ಅಲ್ಲಿ ಕೇಳದೇ ಇದ್ದದ್ದು ಒಂದಿದೆ. ನಾನು ಗಾಡಿ ನಿಲ್ಲಿಸಬಹುದಿತ್ತು."

ಅವರು ಸ್ಟೂಲು ಎಳೆದುಕೊಂಡು, ಮುರಿದಿದ್ದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಕೇಳಲು ಕೂತರು.